ಬಾಳವ್ವ ಚಿತ್ರ ಬಿಟ್ಟು ಎದ್ದು ಹೋದದ್ದು

ನಮ್ಮ ಊರಿನಲ್ಲಿ ಎರಡು ಚಿತ್ರಗಳನ್ನು ಎದುರುಬದುರು ತೂಗುಹಾಕುವುದಿಲ್ಲ. ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಕಸ ಎಲ್ಲಿ ಹಾಕಬೇಕು ಎಂದು ಹೇಳುವಾಗಲೇ ಇದನ್ನೂ ಹೇಳಿಬಿಡುತ್ತೇವೆ. ಕೇಳದವರು ಅನುಭವಿಸುತ್ತಾರೆ. ವರ್ಗವಾಗಿ ಬಂದ ಒಬ್ಬ ಸಾಹೇಬರು ನಮ್ಮ ಮಾತನ್ನು ಮೂಢನಂಬಿಕೆ ಎಂದು ನಕ್ಕು, ತಮ್ಮ ಮದುವೆಯ ಫೋಟೋದ ಎದುರಿಗೆ ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ತೂಗುಹಾಕಿದರು. ವಾರ ಕಳೆಯುವಷ್ಟರಲ್ಲಿ ಕ್ಯಾಲೆಂಡರಿನ ರೈತ ಮದುಮಕ್ಕಳ ನಡುವೆ ಹಲ್ಲು ಕಿರಿದು ನಿಂತಿದ್ದ, ಸಾಹೇಬರ ಮಾವನವರು ಟ್ರ್ಯಾಕ್ಟರ್ ಏರಿ ಕೂತಿದ್ದರು. ಮಾವನವರಿಗೆ ಮೊದಲಿಂದಲೂ ಟ್ರ್ಯಾಕ್ಟರಿನ ಆಸೆ ಇತ್ತಂತೆ, ಅದು ಬೇರೆ ಮಾತು.

ಉಳಿದ ನಾವೆಲ್ಲ ಹೇಗೋ ಹೊಂದಿಕೊಂಡಿದ್ದೇವೆ. ಅಲ್ಬಮ್ಮಿನ ಹಾಳೆ ಹಾಳೆಯ ನಡುವೆ ಬಟರ್ ಪೇಪರ್ ಇಡುತ್ತೇವೆ. ಸ್ಟುಡಿಯೋದವನು ಫೋಟೋ ತೆಗೆಯುವ ಮುಂಚೆ ನಮ್ಮ ಕೈಗೆ ಒಂದು ಕೂಸು ಕೊಡುತ್ತಾನೆ, ಕೂಸು ಸಿಗದಿದ್ದರೆ ತುಂಬಿದ ಹಾಲಿನ ಪಾತ್ರೆ ಕೊಡುತ್ತಾನೆ. ಚಿತ್ರ ಬರೆಯುವವರಂತೂ ಯಾರನ್ನೂ ಸುಮ್ಮನೆ ಕೂರಿಸುವುದಿಲ್ಲ. ಹೆಂಗಸಿದ್ದರೆ ಎದುರಿಗೆ ಒಲೆ, ಒಲೆಯ ಮೇಲೆ ಉಕ್ಕುವ ಹಾಲು. ಗಂಡಸಿದ್ದರೆ ಅವನು ಏಣಿ ಹಿಡಿದಿರಬೇಕು, ಏಣಿಯ ತುದಿಯಲ್ಲಿ ಇನ್ನೊಬ್ಬ ಇರಬೇಕು. ಹೊರಗಿನಿಂದ ಬಂದು ನಮ್ಮ ಚಿತ್ರ ನೋಡಿದ ಪಂಡಿತರು, ಈ ಊರಿನ ಕಲೆ ಶ್ರಮವನ್ನು ಪೂಜಿಸುತ್ತದೆ ಎಂದು ಪತ್ರಿಕೆಯಲ್ಲಿ ಬರೆದರು. ನಾವು ಹೌದು ಹೌದು ಎಂದೆವು. ಎದ್ದು ಹೋಗದಿರಲಿ ಅಂತ ಕೆಲಸ ಹಚ್ಚಿದ್ದು ಎಂದು ಯಾರು ಬಿಡಿಸಿ ಹೇಳುತ್ತಾರೆ?

ನಾನು ನೀಲವ್ವ. ಮರದಲ್ಲಿ ಅಚ್ಚು ಕೊರೆದು ಕಾಗದದ ಮೇಲೆ ಚಿತ್ರ ಒತ್ತುವುದು ನನ್ನ ಕೆಲಸ. ಇದು ನನ್ನ ಗಂಡ ಗುರುಸಿದ್ಧನ ವಿದ್ಯೆ. ಅವನು ಸೀರೆಯಂಚಿಗೆ ಹೂಬಳ್ಳಿಯ ಅಚ್ಚು ಕೊರೆಯುತ್ತಿದ್ದ. ಜ್ವರ ಬಂದು ಅವನು ತೀರಿಕೊಂಡ ಮೇಲೆ ಉಳಿಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದರು. ಕೊಡಲು ಮನಸ್ಸಾಗದೆ ನಾನೇ ಹಿಡಿದೆ. ಮನೆಯಲ್ಲಿ ಉಳಿದವರು ಇಬ್ಬರು, ನಾನು ಮತ್ತು ಅವನ ತಾಯಿ ಬಾಳವ್ವ. ಅತ್ತೆ ಒಮ್ಮೆ ಮುಂಬಾಗಿಲ ಮೆಟ್ಟಿಲಿನಲ್ಲಿ ಜಾರಿ ಮೊಣಕಾಲು ಕೆಡಿಸಿಕೊಂಡಿದ್ದರು. ಅಂದಿನಿಂದ ನಾನು ಅವರನ್ನು ಹೊಸ್ತಿಲು ದಾಟಲು ಬಿಟ್ಟವಳಲ್ಲ. ಕುಡಿಯುವ ನೀರು, ಎಲೆಯಡಿಕೆ, ಮೊಣಕಾಲಿಗೆ ಹಚ್ಚುವ ಎಣ್ಣೆ, ಎಲ್ಲ ಕೂತಲ್ಲಿಗೇ. ಓಣಿಯ ಹೆಂಗಸರು ಸೊಸೆ ಅಂದರೆ ಹೀಗಿರಬೇಕು ಎನ್ನುತ್ತಿದ್ದರು. ಅಯ್ಯೋ ಬಿಡ್ರಿ ಎನ್ನುತ್ತಿದ್ದೆ, ಇನ್ನೊಂದು ಸಲ ಅನ್ನಲಿ ಎಂದು ಕಾಯುತ್ತಿದ್ದೆ.

ನನ್ನನ್ನು ಯಾರಾದರೂ ಎಲ್ಲಿಗಾದರೂ ಕರೆದರೆ ನನ್ನ ಉತ್ತರ ಒಂದೇ, ಅತ್ತೆಯನ್ನು ಬಿಟ್ಟು ಹೇಗೆ ಬರಲಿ. ತಂಗಿಯ ಮಗಳ ತೊಟ್ಟಿಲಿಗೆ ಇದೇ ಉತ್ತರ, ಸಿನಿಮಾಕ್ಕೂ ಇದೇ. ಆಮೇಲಾಮೇಲೆ ಕರೆಯುವವರೂ ಕಡಿಮೆಯಾದರು. ನಾನೂ ಅತ್ತೆಯೂ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳವಾಡಿಕೊಂಡು, ಮಧ್ಯಾಹ್ನ ಒಂದೇ ಚಾಪೆಯ ಮೇಲೆ ಅಡ್ಡಾಗಿ, ಹಾಯಾಗಿದ್ದೆವು. ನನಗೆ ಇನ್ನು ಯಾರಿದ್ದರು ಹೇಳಿ.

ಹೀಗಿರುವಾಗ ನಮ್ಮ ಚಿತ್ರ ಸಂಘದ ಅಧ್ಯಕ್ಷರಾದ ಅಡವೆಪ್ಪ ಮಾಸ್ತರು ದೊಡ್ಡ ಊರಿಗೆ ಹೋಗಿ ಅಲ್ಲಿನ ಚಿತ್ರಶಾಲೆ ನೋಡಿಕೊಂಡು ಬಂದರು. ಅಲ್ಲಿ ಹತ್ತು ಜನ ಕಲಾವಿದರು ಒಂದೊಂದು ಅಚ್ಚುಚಿತ್ರ ಮಾಡಿ, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಸಂಪುಟ ಎಂದು ಹೆಸರಿಟ್ಟು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರಂತೆ. ಮಾಸ್ತರಿಗೆ ನಿದ್ದೆ ಹೋಯಿತು. ನಮ್ಮ ಊರಿನದೂ ಒಂದು ಸಂಪುಟ ಆ ಕಪಾಟಿಗೆ ಹೋಗಲೇಬೇಕು ಎಂದು ಸಭೆ ಕರೆದರು. ಒಂದೇ ಪೆಟ್ಟಿಗೆಯಲ್ಲಿ ಏಳು ಜನರ ಚಿತ್ರ, ಒಂದರ ಮೇಲೊಂದು, ಅದೂ ಈ ಊರಿನಲ್ಲಿ. ಆಗದ ಮಾತು ಎಂದು ನಾಲ್ಕು ಜನ ಎದ್ದರು. ಮಾಸ್ತರು, ನಡುವೆ ಬಟರ್ ಪೇಪರ್ ಇದೆಯಲ್ಲ, ಅಲ್ಬಮ್ಮಿಗೆ ಸಾಕಾದದ್ದು ಪೆಟ್ಟಿಗೆಗೆ ಸಾಲದೇ ಎಂದರು. ಎದ್ದವರು ಮತ್ತೆ ಕೂತರು.

ಜಗಳ ಶುರುವಾದದ್ದು ಯಾರ ಪಕ್ಕಕ್ಕೆ ಯಾರು ಎನ್ನುವುದರಲ್ಲಿ. ಲಕ್ಕಪ್ಪ ಒಂದು ಎಮ್ಮೆ ಕೊರೆಯುವವನಿದ್ದ, ಗೂಟಕ್ಕೆ ಕಟ್ಟಿದ್ದು. ಎಮ್ಮೆಯ ಪಕ್ಕ ಯಾರಿಗೂ ಬೇಡ. ನಮ್ಮ ಪಕ್ಕದ ಮನೆಯ ದಾಕ್ಷಾಯಣಿ ಮದುವೆಯ ಅಡುಗೆಮನೆ ಕೊರೆಯುತ್ತಿದ್ದಳು, ರಾಶಿ ಲಾಡು ಇರುವುದು. ನನ್ನ ಲಾಡಿಗೆ ಎಮ್ಮೆ ಬಾಯಿ ಹಾಕಿದರೆ ಯಾರು ಜವಾಬ್ದಾರಿ ಎಂದು ಆಕೆ ಎದ್ದು ನಿಂತಳು. ಮುರ್ತುಜಾ ಬಸ್ ಸ್ಟ್ಯಾಂಡ್ ಮಾಡುತ್ತಿದ್ದ, ನನ್ನಲ್ಲಿ ಬರುವವರು ಬರಲಿ, ಹೋಗುವವರು ಹೋಗಲಿ, ನನಗೆ ಯಾವ ಪಕ್ಕ ಆದರೂ ಸರಿ ಎಂದ. ಮಾಸ್ತರು ತಮ್ಮದೇ ಚಿತ್ರ ಕೊರೆಯುವವರಿದ್ದರು, ಮೇಜಿನ ಮುಂದೆ ಕೂತು ಉತ್ತರಪತ್ರಿಕೆ ತಿದ್ದುವ ಮಾಸ್ತರರದು. ಅದು ಮೊದಲ ಹಾಳೆ ಎಂದು ಅವರೇ ಹೇಳಿದರು.

ಈ ಸಭೆಗೆ ನಾನು ಹೋಗಿರಲಿಲ್ಲ. ಹೇಗೆ ಹೋಗಲಿ? ಮಾಸ್ತರೇ ಬಂದು ಎಲ್ಲ ಹೇಳಿ, ನೀನೂ ಒಂದು ಕೊರೆಯಬೇಕಮ್ಮ ಎಂದರು. ನಾನು ಅತ್ತೆಯನ್ನೇ ಕೊರೆಯುತ್ತೇನೆ ಎಂದೆ. ನಾನು ಅತ್ತೆಯನ್ನು ಹೇಗೆ ನೋಡಿಕೊಂಡಿದ್ದೇನೆ ಎಂಬುದು ಗಾಜಿನ ಕಪಾಟಿನಲ್ಲಿ ನಾಲ್ಕು ಜನರಿಗೆ ಕಾಣಲಿ ಎಂಬ ಆಸೆ ನನಗಿತ್ತು, ಇಲ್ಲ ಎನ್ನಲಾರೆ.

ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಕೈಗೆ ಮೊರ ಕೊಟ್ಟೆ. ಮೊರದ ತುಂಬ ಅಕ್ಕಿ, ಅಕ್ಕಿಯ ತುಂಬ ಕಲ್ಲು. ಇಷ್ಟು ಅಕ್ಕಿ ಆರಿಸುವುದನ್ನು ಅರ್ಧಕ್ಕೆ ಬಿಟ್ಟು ಏಳುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ ಎಂದು ನನಗೆ ಧೈರ್ಯ. ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆ ಸಂಚಿಯನ್ನೂ, ಬೆನ್ನ ಹಿಂದೆ ಅಗುಳಿ ಹಾಕಿದ ಬಾಗಿಲನ್ನೂ ಕೊರೆದೆ. ಅತ್ತೆ ಬಗ್ಗಿ ಅಚ್ಚನ್ನು ನೋಡಿ, "ಎಷ್ಟ ಕಲ್ಲು ಹಾಕೀಯವ್ವಾ, ನಾ ಸಾಯೂತನಕ ಆರಿಸಬೇಕಲ್ಲ," ಎಂದರು. ಆಮೇಲೆ ಉಳಿದವರು ಏನೇನು ಕೊರೆಯುತ್ತಿದ್ದಾರೆ ಎಂದು ಕೇಳಿದರು. ನಾನು ಉಳಿ ಆಡಿಸುತ್ತಲೇ ಬಸ್ ಸ್ಟ್ಯಾಂಡು, ಅಡುಗೆಮನೆ, ಯಂಕೋಬನ ಹೊಳೆ ಮತ್ತು ದೋಣಿ ಎಲ್ಲದರ ಸುದ್ದಿ ಹೇಳಿದೆ. ಅತ್ತೆ ಕಣ್ಣರಳಿಸಿ ಕೇಳಿದರು. ಮುದುಕರಿಗೆ ಸುದ್ದಿ ಎಂದರೆ ಇಷ್ಟ ಎಂದುಕೊಂಡೆ.

ಹನ್ನೆರಡು ಪೆಟ್ಟಿಗೆಗೆ ಆಗುವಷ್ಟು ಹಾಳೆ ಒತ್ತಿದ್ದಾಯಿತು. ನಾನು ಮನೆ ಬಿಟ್ಟು ಬರುವುದಿಲ್ಲ ಎಂದು ಗೊತ್ತಿದ್ದುದರಿಂದ ಪೆಟ್ಟಿಗೆಯಲ್ಲಿ ಜೋಡಿಸುವ ಕೆಲಸವನ್ನು ನಮ್ಮ ಪಡಸಾಲೆಯಲ್ಲೇ ಇಟ್ಟುಕೊಂಡರು. ಆ ದಿನ ಮಾಸ್ತರು ಬಟರ್ ಪೇಪರಿನ ಕಟ್ಟು ತಂದು, ಮುಖದ ತುಂಬ ಹೆಮ್ಮೆ ತುಂಬಿಕೊಂಡು ಬಿಚ್ಚಿದರು. ಬರಿಯ ಬಿಳಿ ಹಾಳೆ ಇಟ್ಟರೆ ಏನು ಚಂದ ಎಂದು ಅವರು ಪ್ರತಿಯೊಂದು ಬಟರ್ ಪೇಪರಿನ ಮೇಲೂ ಊರಿನ ಗುರುತಾದ ಅಗಸೆ ಬಾಗಿಲನ್ನು ತಿಳಿ ಹಳದಿ ಬಣ್ಣದಲ್ಲಿ ಒತ್ತಿಸಿದ್ದರು. ಬಂದವರನ್ನು ಬರಮಾಡಿಕೊಳ್ಳುವ ಊರು ಎಂದು ತೋರಿಸಲು ಎರಡೂ ಕದ ಹಾರು ಹೊಡೆದು ತೆರೆದಿದ್ದವು.

ಚಿತ್ರದಲ್ಲಿದ್ದವರು ಆಚೆ ಹೋಗದಿರಲಿ ಎಂದು ಇಡುವ ಕಾಗದದ ಮೇಲೆ ತೆರೆದ ಬಾಗಿಲು. ಇದು ಬೇಲಿಯೇ ಎದ್ದು ಹೊಲ ಮೇಯುವುದಕ್ಕೂ ಒಂದು ಕೈ ಮೇಲು. ಆದರೆ ಆವತ್ತು ಪಡಸಾಲೆಯಲ್ಲಿದ್ದ ಏಳು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನಾವು ಪೆಟ್ಟಿಗೆಯ ಮುಚ್ಚಳದ ಮೇಲೆ ಯಾರ ಹೆಸರು ಮೇಲೆ ಬರಬೇಕು ಎಂದು ಕಚ್ಚಾಡುತ್ತಿದ್ದೆವು. ಅತ್ತೆ ಮಾತ್ರ ಕೂತಲ್ಲಿಂದಲೇ ಒಂದು ಹಾಳೆ ಈಸಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, ಚಲೋ ಆಗೇತಿ ಮಾಸ್ತರ ಎಂದು ಹಿಂದಕ್ಕೆ ಕೊಟ್ಟರು. ಮಾಸ್ತರು ಉಬ್ಬಿಹೋದರು.

ಬಿಡುಗಡೆಯ ಸಮಾರಂಭಕ್ಕೆ ನಾನು ಹೋಗಲೇಬೇಕಾಯಿತು. ಓಣಿಯ ಒಬ್ಬಳನ್ನು ಅತ್ತೆಯ ಬಳಿ ಕೂರಿಸಿ, ಹೋದ ಹಾಗೇ ಬಂದುಬಿಡುತ್ತೇನೆ ಎಂದು ಹೇಳಿ, ಶಾಲೆಯ ಸಭಾಂಗಣದಲ್ಲಿ ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತೆ. ಎಷ್ಟೋ ಕಾಲದ ಮೇಲೆ ಅಷ್ಟು ಜನರನ್ನು ಒಟ್ಟಿಗೆ ನೋಡಿ, ಎದ್ದು ಹೋಗಲೆಂದು ಎರಡು ಸಲ ಕುರ್ಚಿಯ ಅಂಚಿಗೆ ಬಂದೆ. ಮುಖ್ಯ ಅತಿಥಿಗಳು ರಿಬ್ಬನ್ ಬಿಚ್ಚಿ ಪೆಟ್ಟಿಗೆ ತೆರೆದು ಮೊದಲ ಹಾಳೆ ಎತ್ತಿ ಹಿಡಿದರು. ಮೇಜಿತ್ತು, ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟಿತ್ತು, ಮಾಸ್ತರು ಇರಲಿಲ್ಲ. ಅವರು ಕೂತಿದ್ದ ಜಾಗದಲ್ಲಿ ಕಾಗದ ಬೆಳ್ಳಗಿತ್ತು. ಅತಿಥಿಗಳು ಹೊರಗಿನವರು. ಅನುಪಸ್ಥಿತಿಯ ಮೂಲಕ ಗುರುವನ್ನು ತೋರಿಸಿದ್ದಾರೆ, ಎಂಥ ಪ್ರಯೋಗ ಎಂದು ಹೊಗಳಿ ಇನ್ನೊಂದು ಹಾಳೆ ಎತ್ತಿದರು. ಅದು ದಾಕ್ಷಾಯಣಿಯ ಅಡುಗೆಮನೆ. ಲಾಡಿನ ರಾಶಿಗೆ ಒಂದು ಕಡೆಯಿಂದ ಎಮ್ಮೆ ಬಾಯಿ ಹಾಕಿತ್ತು, ಇನ್ನೊಂದು ಕಡೆಯಿಂದ ಅಡವೆಪ್ಪ ಮಾಸ್ತರು ಎರಡೂ ಕೈ ಹಾಕಿದ್ದರು. ಮಾಸ್ತರಿಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿ ಮುಂದಿನ ಸಾಲಿನಿಂದ ಎದ್ದು ವೇದಿಕೆಯ ಕಡೆಗೆ ನಡೆದದ್ದನ್ನು ಕಂಡು ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನನ್ನ ಹಾಳೆ ಇನ್ನೂ ಮೇಲೆ ಬಂದಿರಲಿಲ್ಲ.

ಬಂತು. ಮಣೆ ಇತ್ತು. ಮೊರ ನೆಲದ ಮೇಲಿತ್ತು, ಅರ್ಧ ಅಕ್ಕಿ ಆರಿಸಿ ಕಲ್ಲನ್ನು ಒಂದು ಪಕ್ಕಕ್ಕೆ ಗುಪ್ಪೆ ಹಾಕಿತ್ತು. ಅತ್ತೆ ಇರಲಿಲ್ಲ. ಹುಡುಕಿದಾಗ ಮುರ್ತುಜಾನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಜನರ ಸಾಲಿನ ನಡುವೆ, ಬೆಂಚಿನ ಮೇಲೆ ಕಾಲು ಇಳಿಬಿಟ್ಟುಕೊಂಡು. ಉಳಿದ ಪೆಟ್ಟಿಗೆಗಳನ್ನೂ ಅಲ್ಲೇ ಬಿಚ್ಚಿಸಿದರು. ಎಮ್ಮೆ ಕೆಲವು ಪೆಟ್ಟಿಗೆಗಳಲ್ಲಿ ಗೂಟದಲ್ಲೇ ಇತ್ತು, ಮಾಸ್ತರು ಕೂಡ ಒಂದೆರಡರಲ್ಲಿ ಉತ್ತರಪತ್ರಿಕೆಯ ಮುಂದೆ ತೂಕಡಿಸುತ್ತಿದ್ದರು. ನಮ್ಮ ಅತ್ತೆ ಒಂದೇ ಒಂದು ಪೆಟ್ಟಿಗೆಯಲ್ಲೂ ಮನೆಯಲ್ಲಿರಲಿಲ್ಲ. ಎಲ್ಲ ಹನ್ನೆರಡರಲ್ಲೂ ಎದ್ದು ಹೋಗಿದ್ದರು. ದಾಕ್ಷಾಯಣಿ ನನ್ನ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ, ಆದರೆ ಹಿಂದಿನ ಸಾಲಿಗೂ ಕೇಳುವಂತೆ, "ಪಾಪ, ಹಿರೇರು, ಮನಿಯಾಗ ಬ್ಯಾಸರಾಗಿರಬೇಕು ನೀಲವ್ವಾ," ಎಂದಳು.

ನಮ್ಮ ಊರಿನಲ್ಲಿ ಮನುಷ್ಯ ಸುಳ್ಳು ಹೇಳಿದರೂ ಚಿತ್ರ ಹೇಳುವುದಿಲ್ಲ ಎಂಬ ಮಾತಿದೆ. ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು. ಸೊಸೆ ಅಂದರೆ ಹೀಗಿರಬೇಕು ಎಂದವರೇ ಕಿಟಕಿಯಿಂದ ಇಣುಕಿ, ಊಟ ಆತೇನವ್ವ ಎಂದು ಅತ್ತೆಯನ್ನು ಕೇಳತೊಡಗಿದರು. ಒಬ್ಬಳು ಹಿತ್ತಲ ಬಾಗಿಲಿನಿಂದ ರೊಟ್ಟಿ ಬುತ್ತಿ ತಂದಳು, ಇನ್ನೊಬ್ಬಳು ಹೋಳಿಗೆ ತಂದಳು. ಅತ್ತೆ ಬೇಡ ಎನ್ನಬೇಕೋ ಬೇಡವೋ? ಯಾರು ಏನು ತಂದರೂ ತಿಂದು, ದೇವರು ಒಳ್ಳೇದು ಮಾಡ್ಲಿ ಎಂದು ಹರಸಿ, ಮತ್ತೆ ನನ್ನ ಅಡುಗೆಯನ್ನೂ ಉಂಡರು. ಆ ಒಂದು ವಾರದಲ್ಲಿ ಅವರು ದುಂಡಗಾದರು, ನಾನು ಸೊರಗಿದೆ.

ತಡೆಯಲಾರದೆ ನಾನು ಕೇಳಿಯೇಬಿಟ್ಟೆ, ಯಾಕೆ ಹೋದಿರಿ ಎಂದು. ಚಿತ್ರದ ಪರವಾಗಿ ಮನುಷ್ಯರನ್ನು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ, ಆದರೂ ಕೇಳಿದೆ. ಅತ್ತೆ ಅಡಿಕೆ ಕತ್ತರಿಸುತ್ತಾ, ನಾನು ಇಲ್ಲೇ ಇದ್ದೇನಲ್ಲ, ಹೋದದ್ದು ಅದು, ಅದರ ಮನಸ್ಸಿನಲ್ಲಿ ಏನಿದೆಯೋ ನನಗೇನು ಗೊತ್ತು ಎಂದು ಜಾರಿಕೊಂಡರು.

ಎದ್ದು ಹೋದವರನ್ನು ಕರೆತರುವುದಕ್ಕೂ ನಮ್ಮಲ್ಲಿ ದಾರಿಯಿದೆ. ಹೋಗಿ ಸೇರಿದ ಚಿತ್ರವನ್ನೂ ಬಿಟ್ಟು ಬಂದ ಚಿತ್ರವನ್ನೂ ಎದುರುಬದುರು ಇಟ್ಟರೆ ಹಸಿವಾದಾಗ ತಾನಾಗಿಯೇ ಮನೆಗೆ ಬರುತ್ತವೆ. ಎಮ್ಮೆ ಹಾಲು ಕರೆಯುವ ಹೊತ್ತಿಗೆ ಗೂಟಕ್ಕೆ ಬಂತು. ಮಾಸ್ತರು ಬರಲೊಲ್ಲೆ ಎಂದು ಒಂದು ದಿನ ಹಟ ಹಿಡಿದರು, ಹೆಂಡತಿ ಬಂದು ಚಿತ್ರದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡದ್ದೇ ತಡ, ಉತ್ತರಪತ್ರಿಕೆಯ ಮುಂದೆ ಹಾಜರಾದರು. ನಾನು ಬಸ್ ಸ್ಟ್ಯಾಂಡಿನ ಹಾಳೆಯನ್ನು ಮಣೆಯ ಹಾಳೆಗೆ ಎದುರಾಗಿ ಇಟ್ಟು ಕಾದೆ. ಕರೆದೆ, ಬೇಡಿಕೊಂಡೆ, ನಿಮಗೆ ಇಷ್ಟವಾದ ಹುಣಸೆ ಸಾರು ಮಾಡಿದ್ದೇನೆ ಎಂದೆ. ಪಡಸಾಲೆಯಲ್ಲಿ ಕೂತ ಅತ್ತೆ ಹಾಗಾದರೆ ಬಡಿಸು ಎಂದರು. ಕಾಗದದ ಅತ್ತೆ ಕದಲಲಿಲ್ಲ.

ದೊಡ್ಡ ಊರಿನ ಚಿತ್ರಶಾಲೆಯವರು ಸಂಪುಟ ಯಾವಾಗ ಬರುತ್ತದೆ ಎಂದು ಕೇಳತೊಡಗಿದ್ದರು. ಅಡವೆಪ್ಪ ಮಾಸ್ತರು ಓಡಿ ಬಂದು, ಇನ್ನೊಮ್ಮೆ ಒತ್ತೋಣ, ಈ ಸಲ ಬಟರ್ ಪೇಪರ್ ಬರಿದಾಗಿಯೇ ಇರಲಿ, ಆದರೂ ನಿನ್ನ ಅತ್ತೆಯ ಮೇಲೆ ನನಗೆ ನಂಬಿಕೆಯಿಲ್ಲ, ಅಚ್ಚಿನಲ್ಲಿ ಏನಾದರೂ ಬಂದೋಬಸ್ತು ಮಾಡು ಎಂದರು. ದಾಕ್ಷಾಯಣಿ ಕಾಲಿಗೊಂದು ಸರಪಳಿ ಹಾಕು, ಸಣ್ಣದು, ಸೀರೆಯ ಅಂಚಿನ ಕಪ್ಪಿನಲ್ಲಿ ಕೊರೆದರೆ ಯಾರಿಗೂ ಕಾಣುವುದಿಲ್ಲ ಎಂದು ಉಪಾಯ ಹೇಳಿಕೊಟ್ಟಳು. ನನಗೂ ಸಿಟ್ಟಿತ್ತು. ಮಧ್ಯಾಹ್ನ ಅಚ್ಚು ತೆಗೆದುಕೊಂಡು ಕೂತೆ. ಏನು ಮಾಡುತ್ತಿದ್ದೀ ಎಂದು ಅತ್ತೆ ಕೇಳಿದರು. ಕಾಲಿಗೆ ಸರಪಳಿ ಎಂದೆ. ಅತ್ತೆ, "ಹಾಕು. ಅಚ್ಚು ನಿಂದು," ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು. ಉಳಿ ಕೈಯಲ್ಲೇ ಉಳಿಯಿತು. ಮರದ ಕಾಲಿನ ಮೇಲೆ ಅದನ್ನಿಡಲು ನನ್ನಿಂದ ಆಗಲಿಲ್ಲ, ಅಳು ಬಂತು.

ಇಷ್ಟರಲ್ಲಿ ಸುದ್ದಿ ನನ್ನ ನಾದಿನಿ ಕಾಶವ್ವನಿಗೆ ಮುಟ್ಟಿತು. ಆಕೆಯನ್ನು ಕೊಟ್ಟದ್ದು ಹೊಳೆಯಾಚೆಯ ಊರಿಗೆ. ಮರುದಿನ ಬೆಳಿಗ್ಗೆ ಟಂಟಂ ರಿಕ್ಷಾ ಮಾಡಿಕೊಂಡು ಬಂದಿಳಿದಳು. ಕಾಶವ್ವ ಕೆಟ್ಟವಳಲ್ಲ, ಆದರೆ ಆಕೆಯ ದನಿ ಮೊದಲು ಒಳಗೆ ಬರುತ್ತದೆ, ಆಕೆ ಆಮೇಲೆ. ಅಣ್ಣ ಇದ್ದ ತನಕ ಸರಿ, ಅವ್ವನ ಮನಸ್ಸು ಇಲ್ಲಿಲ್ಲ ಎಂದು ಹನ್ನೆರಡು ಹಾಳೆ ಹೇಳುತ್ತಿವೆ, ನಾನು ಕರೆದುಕೊಂಡು ಹೋಗುತ್ತೇನೆ, ಗಂಟು ಕಟ್ಟು ಎಂದಳು. ನಾನು ಏನು ಹೇಳಲಿ? ಓಣಿಯ ಜನ ಪಡಸಾಲೆಯಲ್ಲಿ ತುಂಬಿದರು. ಮನೆಯಲ್ಲಿ ಅತ್ತೆಯಿಲ್ಲದ ಒಂದು ಮಧ್ಯಾಹ್ನವನ್ನು ನೆನೆದೆ, ಒಂದು ಚಾಪೆ, ನಾನೊಬ್ಬಳು. ಅವರನ್ನು ಕರೆದೊಯ್ಯಬೇಡ ಎನ್ನಬೇಕೆಂದವಳು ಬಂದವರಿಗೆ ಚಾಪೆ ಹಾಸಿದೆ.

ಅಡವೆಪ್ಪ ಮಾಸ್ತರು ನ್ಯಾಯ ಹೇಳುವ ಹುಮ್ಮಸ್ಸಿನಲ್ಲಿ ಹನ್ನೆರಡು ಪೆಟ್ಟಿಗೆಗಳನ್ನೂ ಹೊರಿಸಿಕೊಂಡು ಬಂದರು. ಅಕ್ಷರ ದೊಡ್ಡದು ಮಾಡಿ ತೋರಿಸುವ ತಮ್ಮ ಗಾಜನ್ನೂ ತಂದಿದ್ದರು. ಮುದುಕಿ ಎಲ್ಲೆಲ್ಲಿ ಹೋಗಿದ್ದಾಳೆ, ಯಾರ ಮನೆ ಸೇರಿದ್ದಾಳೆ ನೋಡಿಯೇ ತೀರ್ಮಾನ ಮಾಡೋಣ ಎಂದು ಹಾಳೆಗಳನ್ನು ಸಾಲಾಗಿ ಹಾಸಿದರು. ಆವರೆಗೆ ಅತ್ತೆ ಎಲ್ಲಿ ಇಲ್ಲ ಎಂಬುದನ್ನೇ ನಾವೆಲ್ಲ ನೋಡಿದ್ದೆವು, ಎಲ್ಲಿದ್ದಾರೆ ಎಂಬುದನ್ನು ಒಬ್ಬರೂ ಸರಿಯಾಗಿ ನೋಡಿರಲಿಲ್ಲ. ಅತ್ತೆ ಯಾರ ಮನೆಯನ್ನೂ ಸೇರಿರಲಿಲ್ಲ. ಒಂದರಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲಿದ್ದರು. ಇನ್ನೊಂದರಲ್ಲಿ ಯಂಕೋಬನ ದೋಣಿಯ ಹಲಗೆಯ ಮೇಲೆ, ಮತ್ತೊಂದರಲ್ಲಿ ದಾಕ್ಷಾಯಣಿಯ ಅಡುಗೆಮನೆಯಾಚೆ ಕಾಣುವ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ. ಹಿಡಿದ ಮೊರವನ್ನು ಬಿಟ್ಟು ಹೋಗಿದ್ದರೂ ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆ ಸಂಚಿಯನ್ನು ಮರೆಯದೆ ಒಯ್ದಿದ್ದರು. ಆ ಸಂಚಿ ಸೊಂಟದಲ್ಲಿರಲಿಲ್ಲ. ಎಲ್ಲ ಹಾಳೆಗಳಲ್ಲೂ ಅದನ್ನು ತಮ್ಮ ಪಕ್ಕದ ಜಾಗದಲ್ಲಿ ಇಟ್ಟಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜನ ನಿಂತಿದ್ದರೂ ಆ ಒಂದು ಜಾಗ ಖಾಲಿ, ದೋಣಿಯಲ್ಲೂ ಖಾಲಿ, ಪಂಕ್ತಿಯಲ್ಲಿ ಪಕ್ಕದ ಎಲೆಯ ಮುಂದೆಯೂ ಯಾರೂ ಇಲ್ಲ.

ಟವೆಲ್ಲೋ ಚೀಲವೋ ಹಾಕಿ ಸೀಟು ಹಿಡಿಯುವುದು ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುರ್ತುಜಾನೇ ಮೊದಲು, ಅಮ್ಮಾರು ಯಾರಿಗೋ ಜಾಗ ಹಿಡಿದಿದ್ದಾರೆ ಎಂದ. ಕಾಶವ್ವನ ಕಣ್ಣು ತುಂಬಿತು. ನನಗೇ, ಮತ್ತೆ ಯಾರಿಗೆ, ಹೆತ್ತ ಮಗಳಿಗೆ ಹಿಡಿಯದೆ ಇನ್ಯಾರಿಗೆ ಹಿಡಿಯುತ್ತಾಳೆ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಓಣಿಯೆಲ್ಲ ಹೌದು ಹೌದು ಎಂದಿತು. ನನಗೂ ಹಾಗೇ ಅನಿಸಿ, ಒಳಗೆ ಹೋಗಿ ಅತ್ತೆಯ ಸೀರೆಗಳನ್ನು ಮಡಚತೊಡಗಿದೆ.

"ನೀಲವ್ವಾ, ಅದನ್ನ ಅಲ್ಲೇ ಇಟ್ಟು ಹೊರಗ ಬಾ," ಎಂದು ಅತ್ತೆ ಕರೆದರು. ಬಂದೆ. ಅತ್ತೆ ಮಗಳ ಕಡೆಗೆ ತಿರುಗಿದರು. "ನೀ ಹೊತ್ತ ಮುಳುಗೂದರಾಗ ಹತ್ತ ಕಡೆ ತಿರಗಾಕಿ, ನಿನಗ ಯಾಕ ಜಾಗಾ ಹಿಡೀಲಿ? ಇಕಿ ನೋಡು, ಗಂಡ ಸತ್ತಮ್ಯಾಲೆ ಆ ಒಂದ ಸಮಾರಂಭ ಬಿಟ್ರ ಹೊಸ್ತಿಲಾ ದಾಟಿಲ್ಲ. ಯಾರು ಕರದ್ರೂ ಅತ್ತಿನ್ನ ಬಿಟ್ಟು ಹ್ಯಾಂಗ ಬರ್ಲಿ ಅಂತಾಳ. ನನ್ನ ಮೊಣಕಾಲು ನೆಟ್ಟಗಾಗಿ ಭಾಳ ದಿನಾ ಆತು. ನೆಟ್ಟಗಾಗೇತಿ ಅಂದ್ರ ಇಕಿಗೆ ಹೇಳಾಕ ಒಂದು ನೆವಾ ಇರಂಗಿಲ್ಲ ಅಂತ ನಾ ಇಲ್ಲೇ ಕುಂತೇನಿ. ಮುಂದ ಹೋಗಿ ಜಾಗಾ ಹಿಡದ್ರ ಹಿಂದಿಂದ ಬರ್ತಾಳೇನೋ ಅಂತ ಅದು ಹೋಗೇತಿ. ಬರೂದ ಬಿಟ್ಟು ಇಕಿ ಸರಪಳಿ ಕೊರ್ಯಾಕ ಕುಂತ್ಲು."

ಹೀಗೆ ಹೇಳಿ ಅತ್ತೆ ಎದ್ದರು. ಗೋಡೆ ಹಿಡಿಯಲಿಲ್ಲ, ನನ್ನ ಭುಜ ಹಿಡಿಯಲಿಲ್ಲ. ಪಡಸಾಲೆ ದಾಟಿ, ತಾವು ಜಾರಿದ ಅದೇ ಮೆಟ್ಟಿಲುಗಳನ್ನು ಹುಡುಗಿಯ ಹಾಗೆ ದಡದಡ ಇಳಿದು ಅಂಗಳದಲ್ಲಿ ನಿಂತರು. ದಾಕ್ಷಾಯಣಿಯ ತೆರೆದ ಬಾಯಿ ಮುಚ್ಚಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟು ವರ್ಷ ನಾನು ಅವರನ್ನು ಕೂರಿಸಿದ್ದೇನೆ ಎಂದುಕೊಂಡಿದ್ದೆ. ಕೂತಿದ್ದವಳು ನಾನು. ನಾನು ಕೂತಿದ್ದು ಯಾರಿಗೂ ಕಾಣದಿರಲಿ ಎಂದು ಅವರು ನನ್ನ ಮುಂದೆ ಕೂತಿದ್ದರು.

ಟಂಟಂನವನು ಕಾದು ಕಾದು ಬೇಸತ್ತು, ಹೋಗುವುದೋ ಬಿಡುವುದೋ ಎಂದು ಹಾರನ್ ಹೊಡೆದ. ಅತ್ತೆ ಹೋಗುವುದೇ ಎಂದರು. ಎಲ್ಲಿಗೆ ಎಂದು ಕಾಶವ್ವ ಕೇಳಿದ್ದಕ್ಕೆ, ಮೊದಲು ಹೊಳೆ, ಆಮೇಲೆ ನೋಡೋಣ ಎಂದರು. ಅಡವೆಪ್ಪ ಮಾಸ್ತರು ಹಾಳೆಗಳನ್ನು ಬಾಚಿ ಹಿಡಿದುಕೊಂಡು ಹಿಂದೆ ಓಡಿ ಬಂದು, ಹಾಗಾದರೆ ಸಂಪುಟದ ಗತಿಯೇನಮ್ಮ, ಚಿತ್ರಶಾಲೆಯವರಿಗೆ ಏನು ಹೇಳಲಿ ಎಂದು ಅಂಗಲಾಚಿದರು. ಇದ್ದ ಹಾಗೇ ಕಳಿಸಿಬಿಡ್ರಿ ಎಂದೆ. ನನ್ನ ಕಾಲು ಹೊಸ್ತಿಲ ಮೇಲಿತ್ತು. ಕೈಯಲ್ಲಿ ಮಡಚಿದ ಸೀರೆಯೊಂದು ಹಾಗೇ ಇತ್ತು, ಅದನ್ನು ದಾಕ್ಷಾಯಣಿಯ ಕೈಗೆ ಕೊಟ್ಟು ಮೆಟ್ಟಿಲಿಳಿದೆ. ಬಿಸಿಲಿಗೆ ಕಣ್ಣು ಕುಕ್ಕಿತು.

ಅತ್ತೆ ಆಗಲೇ ಟಂಟಂ ಹತ್ತಿ ಹಿಂದಿನ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಸಂಚಿ ಇಟ್ಟಾಗಿತ್ತು. ಕಾಶವ್ವ ಅಲ್ಲಿ ಕೂರಲು ಹೋದಳು. ಅತ್ತೆ ಗದರಿದ ಮೇಲೆ ಗೊಣಗುತ್ತಾ ಮುಂದೆ ಹೋಗಿ ಡ್ರೈವರನ ಪಕ್ಕದಲ್ಲಿ ಮುದುಡಿಕೊಂಡಳು. ನಾನು ಹತ್ತಿ ಬಗ್ಗಿ ನಿಂತೆ. ಅತ್ತೆ ನನ್ನ ಮುಖ ನೋಡಲಿಲ್ಲ, ಹೊರಗೆ ನೋಡುತ್ತಲೇ ಸಂಚಿಯನ್ನು ಎತ್ತಿಕೊಂಡರು. ನಾನು ಕೂತೆ.